ಸಮುದಾಯ ಭವನದ ಬೀಗದ ಕೈ ಯಾರ ಬಳಿ?

ಸಮುದಾಯ ಸಂಘಟಕರ ಹುದ್ದೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಈಚೆಗೆ ನಮ್ಮ ಮನೆಗೆ ಬಂದಿದ್ದರು. "ಮೇಡಂ, ಈ ಕೆಲಸ ನಿಜವಾಗಿ ಏನು?" ಎಂದು ಕೇಳಿದರು. ನೇಮಕಾತಿ ಆದೇಶದಲ್ಲಿ ಇರುವುದನ್ನೆಲ್ಲ ಓದಿಕೊಂಡೇ ಬಂದಿದ್ದರು: ಸ್ವಸಹಾಯ ಸಂಘ, ಸಮೀಕ್ಷೆ, ಅರಿವು ಕಾರ್ಯಕ್ರಮ. ನಾನು ಟೀ ಕೊಟ್ಟು ಏನೇನೋ ಹೇಳಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ, ಹೇಳಿದ್ದರಲ್ಲಿ ಅರ್ಧ ಚೆಂದಕ್ಕೆ ಹೇಳಿದ್ದು ಅನ್ನಿಸಿತು. ನಿವೃತ್ತರಾದವರು ಹೇಳುವ ಕಥೆಗಳಲ್ಲಿ ಎಲ್ಲವೂ ಸರಿಯಾದ ಜಾಗದಲ್ಲಿ ಬಂದು ಕೂರುತ್ತದೆ. ನಡೆಯುವಾಗ ಯಾವುದೂ ಹಾಗೆ ಕೂತಿರಲಿಲ್ಲ. ಅದಕ್ಕೇ ಈಗ ಬರೆಯಲು ಕುಳಿತಿದ್ದೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ. ಒಂದೇ ಸಂಗತಿಯನ್ನು ಬೇರೆಯವರು ಬೇರೆ ಥರ ಹೇಳುತ್ತಿದ್ದರೆ ಅದನ್ನೂ ಪಕ್ಕದಲ್ಲಿಡುತ್ತೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಒಂದು ಸಲ ಬಂತು, ಅದರಿಂದ ನನ್ನ ಕುರ್ಚಿಗೆ ಕೈಗಳು ಬಂದವು, ಅಷ್ಟೆ.

ನಾನು ಇದೇ ಕೆಲಸದ ಕೊನೆಯ ವರ್ಷಗಳನ್ನು ಕಳೆದದ್ದು ಪೀಣ್ಯದ ಕಾರ್ಖಾನೆಗಳಿಂದ ಹೆಚ್ಚು ದೂರವಿಲ್ಲದ ಒಂದು ನಗರಸಭೆಯಲ್ಲಿ. ಹೆಸರು ಬೇಡ. ಒಂದು ಕಡೆ ಹಳೇ ಊರು: ಹಸು, ಹುಲ್ಲು, ಸ್ವಂತ ಮನೆ. ಇನ್ನೊಂದು ಕಡೆ ಬಾಡಿಗೆ ರೂಮುಗಳ ಸಾಲುಸಾಲು ಬಡಾವಣೆ. ಅಲ್ಲಿ ತಮಿಳು, ತೆಲುಗು, ಉರ್ದು, ಯಾದಗಿರಿ ರಾಯಚೂರಿನ ಕನ್ನಡ, ಒಡಿಯಾ, ನೇಪಾಳಿ ಎಲ್ಲ ಒಂದೇ ನಲ್ಲಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಆ ಅವಧಿಗೆ ಯಾವ ಪಕ್ಷಕ್ಕೂ ಬಹುಮತ ಬರದೆ ಎರಡು ಪಕ್ಷಗಳು ಕೈಜೋಡಿಸಿ ಆಡಳಿತ ಹಿಡಿದಿದ್ದವು. ಅಧ್ಯಕ್ಷೆ ಗಿರಿಜಮ್ಮ ಹಳೇ ಊರಿನವರು. ಬೆಳಗ್ಗೆ ಡೇರಿಗೆ ಹಾಲು ಹಾಕಿಯೇ ಕಚೇರಿಗೆ ಬರುತ್ತಿದ್ದರು. ಉಪಾಧ್ಯಕ್ಷ ಮುನಿರಾಜು ಜೊತೆಗಾರ ಪಕ್ಷದವರು. ಅವರದು ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರ. ಈ ಕೊನೆಯ ವಿವರವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಎರಡು ಭಾಗಗಳ ನಡುವೆ ನಗರಸಭೆಯ ಸಮುದಾಯ ಭವನವಿತ್ತು. ಒಳ್ಳೆಯ ಕಟ್ಟಡ. ಬೀಗದ ಕೈ ಸದಸ್ಯರ ಕಡೆಯವರ ಹತ್ತಿರ. ಬಾಡಿಗೆ ರೂಮುಗಳಿಂದ ಯಾರು ಹೋಗಿ ಕೇಳಿದರೂ "ಆ ದಿನ ಬುಕ್ ಆಗಿದೆ" ಎಂಬ ಉತ್ತರ. ತಮಾಷೆಯೆಂದರೆ ಇದು ಬಹಳ ದಿನ ಯಾರಿಗೂ ತಿಳಿಯಲೇ ಇಲ್ಲ. ತಮಿಳರು ಭವನ ತೆಲುಗರಿಗೆ ಸಿಗುತ್ತದೆ ಅಂದುಕೊಂಡಿದ್ದರು. ತೆಲುಗರು ಅದು ಸಾಬರಿಗೆ ಸಿಗುತ್ತದೆ ಅಂದುಕೊಂಡಿದ್ದರು. ಸಾಬರು ಉತ್ತರ ಕರ್ನಾಟಕದವರ ಮೇಲೆ ಅನುಮಾನಪಡುತ್ತಿದ್ದರು. ಯಾರಿಗೂ ಸಿಗುತ್ತಿರಲಿಲ್ಲ.

ಇದನ್ನು ಹೊರಗೆ ಹಾಕಿದವನು ಶರಣಪ್ಪ. ಯಾದಗಿರಿ ಕಡೆಯವನು, ಪೀಣ್ಯದಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಕೆಲಸ. ಹೆಂಡತಿಯ ಕುಬಸಕ್ಕೆ, ಅಂದರೆ ನಮ್ಮ ಸೀಮಂತಕ್ಕೆ, ಭವನ ಕೇಳಿದ್ದ. ಬುಕ್ ಆಗಿದೆ ಅಂದರು. ಆ ದಿನ ಆ ದಾರಿಯಲ್ಲೇ ಹೋಗುವಾಗ ನೋಡಿದರೆ ಒಳಗೆ ಯಾರೋ ರಾಗಿ ಒಣಗಲು ಹರಡಿದ್ದಾರೆ, ಮೂಲೆಯಲ್ಲಿ ನಾಲ್ಕು ಜನ ಇಸ್ಪೀಟು ಆಡುತ್ತಿದ್ದಾರೆ. ಫೋಟೋ ತೆಗೆದ. ಸಂಜೆಯೊಳಗೆ ಅದು ಬಡಾವಣೆಯ ಎಲ್ಲ ಫೋನುಗಳಲ್ಲೂ ಇತ್ತು. ಮಾರನೆಯ ದಿನ ನನ್ನ ಮೇಜಿನ ಮುಂದೆ ಬಂದು ನಿಂತ.

"ಮೇಡಂ, ರಾಗಿದು ಕುಬಸ ಛಲೋ ಆತೇನ್ರಿ?"

ನಾನು ನಕ್ಕೆ. ನಗಬಾರದಿತ್ತು. ಅವನೂ ನಕ್ಕ, ಹಾಗಾಗಿ ಉಳಿದುಕೊಂಡೆ.

ಅದೇ ಹೊತ್ತಿಗೆ ಆ ಬಡಾವಣೆಯ ವಾರ್ಡಿನ ಸದಸ್ಯರು ಸರ್ಕಾರಿ ಕೆಲಸ ಸಿಕ್ಕಿದ್ದರಿಂದ ರಾಜೀನಾಮೆ ಕೊಟ್ಟರು. ಅವರು ಆಡಳಿತ ಪಕ್ಷದವರು. ಉಪಚುನಾವಣೆ ಬರುವುದು ಖಚಿತವಾಯಿತು. ಆ ಒಂದು ಸ್ಥಾನ ಹೋದರೆ ಬಹುಮತ ಹೋಗುತ್ತದೆ, ಗಿರಿಜಮ್ಮನ ಕುರ್ಚಿಯೂ ಹೋಗುತ್ತದೆ. ಈ ಲೆಕ್ಕ ಟೀ ಅಂಗಡಿಯವನಿಗೂ ಗೊತ್ತಿತ್ತು. ಗಿರಿಜಮ್ಮ ಬಡಾವಣೆಯ ಗಲ್ಲಿಗಳಿಗೆ ಹೋದರೆ ಹೆಂಗಸರು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕುಕ್ಕರ್ ಕೂಗಿಸುತ್ತಿದ್ದರು.

ಆಗ ನ್ಯಾಯ ಮಾಡೋಣ ಎಂದು ಸಭೆ ಸೇರಿತು. ಅಲ್ಲಿ ಹುಟ್ಟಿದ್ದು ವಾರದ ಫಲಕ. ಸೋಮವಾರ ತಮಿಳು ಮಾತಾಡುವವರಿಗೆ, ಮಂಗಳವಾರ ತೆಲುಗಿನವರಿಗೆ, ಬುಧವಾರ ಉತ್ತರ ಕರ್ನಾಟಕದವರಿಗೆ, ಹೀಗೆ. ಈ ಉಪಾಯ ಯಾರದು? ನನ್ನ ನೆನಪಿನಲ್ಲಿ ಮುನಿರಾಜು ಅವರದು. ಮುನಿರಾಜು ಈಗಲೂ ಅದು ಪೌರಾಯುಕ್ತರದು ಅನ್ನುತ್ತಾರೆ. ಪೌರಾಯುಕ್ತರನ್ನು ಒಮ್ಮೆ ಮದುವೆಯೊಂದರಲ್ಲಿ ಕಂಡು ಕೇಳಿದೆ. "ಅದು ನಿಮ್ಮ ಐಡಿಯಾ ಅಲ್ವಾ?" ಅಂದರು. ಫಲಕಕ್ಕೆ ಹಳದಿ ಬಣ್ಣ ಬಳಿದಿತ್ತು ಎಂಬುದೊಂದನ್ನು ಮೂವರೂ ಒಪ್ಪುತ್ತೇವೆ.

ಫಲಕ ನಿಲ್ಲಿಸಿದ ದಿನವೇ ಖುರ್ಷಿದ್ ಬಂದರು. ಬಡಾವಣೆಯ ಒಂದು ವಠಾರದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಿದ್ದರು. ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು.

"ಮೇಡಂ, ಶುಕ್ರವಾರ ನಮಗೆ ಅಂತ ಬರ್ದಿದೀರ. ಯಾರು ಕೇಳಿದ್ರು?"

"ನಿಮಗೆ ಶುಕ್ರವಾರ ವಿಶೇಷ ಅಂತ..."

"ವಿಶೇಷ ನಮಾಜಿಗೆ. ಮದುವೆಗೆ ಜನ ಬೇಡ್ವಾ? ಎಲ್ಲರಿಗೂ ಫ್ಯಾಕ್ಟರಿ ರಜಾ ಭಾನುವಾರ. ಅದನ್ನ ಯಾರಿಗೆ ಕೊಟ್ರಿ?"

ಭಾನುವಾರವನ್ನು ಹಳೇ ಊರಿಗೆ ಕೊಟ್ಟಿದ್ದೆವು.

ಆಮೇಲೆ ಬಂದವರಲ್ಲಿ ಒಂದು ಜೋಡಿ ನೆನಪಿದೆ. ಗಂಡ ತಮಿಳು, ಹೆಂಡತಿ ತೆಲುಗು, ಮನೆಯಲ್ಲಿ ಮಾತು ಕನ್ನಡ. "ನಮ್ಮ ಮಗೂಗೆ ಯಾವ ವಾರ ಮೇಡಂ?" ಎಂದು ಕೇಳಿದರು. ಒಡಿಯಾ ಹುಡುಗರು ಫಲಕದಲ್ಲಿ ತಮ್ಮ ಹೆಸರೇ ಇಲ್ಲ ಎಂದರು. ಪೇಂಟರ್ ಕರೆಸಿ ಕೆಳಗೆ 'ಇತರೆ' ಎಂದು ಬರೆಸಿದೆವು. ಜಾಗ ಸಾಲದೆ ಕೊನೆಯ ಅಕ್ಷರ ಕಂಬದ ಮೇಲೆ ಬಂತು. ಶರಣಪ್ಪ ಫಲಕದ ಮುಂದೆ ನಿಂತು ಜೋರಾಗಿ ಹೇಳಿದ್ದನ್ನು ನಾನೇ ಕೇಳಿದೆ: "ಮೊದ್ಲ ಎಲ್ಲಾರ್ಗೂ ಒಟ್ಟಿಗೇ ಇಲ್ಲ ಅಂತಿದ್ರು. ಈಗ ಪಾಳಿ ಪ್ರಕಾರ ಇಲ್ಲ ಅಂತಾರ!"

ಫಲಕ ತೆಗೆಸಿದೆವು. ತೆಗೆಸುವ ವಿಷಯ ತಿಳಿಸಲು ನಾಲ್ಕು ಭಾಷೆಗಳಲ್ಲಿ ಕರಪತ್ರ ಹಂಚಿದ್ದು ಅದಕ್ಕಿಂತ ದೊಡ್ಡ ಎಡವಟ್ಟು. ನನಗೆ ಬಹಳ ಹೆಮ್ಮೆಯಿತ್ತು ಅದರ ಮೇಲೆ. ನಲ್ಲಿಯ ಹತ್ತಿರ ಹೆಂಗಸರು ನಾಲ್ಕು ಹಾಳೆಗಳನ್ನೂ ಪಕ್ಕಪಕ್ಕ ಹಿಡಿದು ಅಳೆದರು. ತಮಿಳಿನದು ಎರಡು ಸಾಲು ಉದ್ದವಿತ್ತು. "ಅವರಿಗೆ ಜಾಸ್ತಿ ಏನೋ ಕೊಟ್ಟಿದಾರೆ" ಎಂದು ಮಧ್ಯಾಹ್ನದೊಳಗೆ ಸುದ್ದಿಯಾಯಿತು. ಹೊಸ ಹುಡುಗಿಯರೇ, ಇದನ್ನು ಗಮನಿಸಿ. ಪ್ರತ್ಯೇಕವಾಗಿ ಹೇಳಿದ್ದು ಯಾವ ಭಾಷೆಯಲ್ಲಿದ್ದರೂ ಗುಟ್ಟಿನ ಹಾಗೆ ಕಾಣುತ್ತದೆ. ಆಮೇಲಿಂದ ನಾನು ಏನಿದ್ದರೂ ನಲ್ಲಿಯ ಮುಂದೆ, ಎಲ್ಲರೂ ಇರುವಾಗ, ಒಂದಾದ ಮೇಲೊಂದು ಭಾಷೆಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದೆ. ಮೇಲಧಿಕಾರಿಗಳು ಇದನ್ನು ಸಮಯ ವ್ಯರ್ಥ ಎಂದರು. ಇರಬಹುದು.

ಒಂದು ಸಂಜೆ ಗಿರಿಜಮ್ಮ, "ಬಾರಮ್ಮ, ಆ ಟೈಲರಮ್ಮನ ಮನೆಗೆ ಓಗಿ ಬರಾನ" ಎಂದರು. ಕಾರು ಬೇಡ ಎಂದು ನಡೆದೇ ಹೋದೆವು. ಖುರ್ಷಿದ್ ಅವರ ವಠಾರದಲ್ಲಿ ಮನೆಗಳು ಎದುರುಬದುರು, ಮೇಲೊಂದು ಟೆರೇಸು. ವಠಾರದವರ ಎಲ್ಲ ಸಮಾರಂಭಗಳೂ ಅಲ್ಲೇ. ಗಿರಿಜಮ್ಮ ಮೇಲೆ ಹೋಗಿ ನೋಡಬೇಕು ಅಂದರು. ಖುರ್ಷಿದ್ ಎದುರು ಮನೆಯವರನ್ನು ಕೂಗಿ ಬೀಗದ ಕೈ ತರಿಸಿದರು.

"ಯಾಕೆ, ಕೀ ಓನರ್ ತಾವ ಇರಲ್ವಾ?" ಗಿರಿಜಮ್ಮ ಕೇಳಿದರು.

"ಓನರ್‌ಗೆ ಯಾಕಮ್ಮ? ಅವರೇನು ಇಲ್ಲಿ ಬಟ್ಟೆ ಒಣಗಾಕ್ತಾರಾ? ಕೊನೆಗೆ ಫಂಕ್ಷನ್ ಮಾಡಿದೋರ ಹತ್ರ ಇರತ್ತೆ. ಮುಂದಿನೋರು ಬಂದು ಇಸ್ಕೋತಾರೆ. ಗಲೀಜಿದ್ರೆ ಇಸ್ಕೊಳ್ಳಲ್ಲ, ಗುಡಿಸಿಸಿ ಆಮೇಲೆ ಇಸ್ಕೋತಾರೆ."

"ಇಬ್ರು ಒಂದೇ ದಿನ ಕೇಳುದ್ರೆ?"

"ಚೀಟಿ. ಎಲ್ರ ಎದುರಿಗೆ. ಯಾರ ಮನೇಲಾದ್ರೂ ಸಾವಾದ್ರೆ ಮಾತ್ರ ಚೀಟಿ ಇಲ್ಲ, ಸೀದಾ ಅವರಿಗೆ."

"ಜಾತಿ ಗೀತಿ?"

"ಪೊರಕೆ ಹಿಡಿಯೋಕೆ ಯಾವ ಜಾತಿ ಅಮ್ಮ?" ಎಂದು ಖುರ್ಷಿದ್ ನಕ್ಕರು.

ಗಿರಿಜಮ್ಮ ಮುಂದಿನ ಸಭೆಯಲ್ಲಿ ಇದನ್ನೇ ಭವನಕ್ಕೂ ಮಾಡೋಣ ಎಂದರು. ಪ್ರತಿ ತಿಂಗಳು ಭವನದೊಳಗೇ ಎಲ್ಲರೆದುರು ಚೀಟಿ. ಹಳೇ ಊರಾಗಲಿ, ಬಾಡಿಗೆಯವರಾಗಲಿ, ಅಧ್ಯಕ್ಷರಾಗಲಿ ಒಂದೇ ಡಬ್ಬಿ. ಬೀಗದ ಕೈ ಬಳಸಿದವರಿಂದ ಬಳಸುವವರಿಗೆ ಹೋಗುತ್ತದೆ, ಕಚೇರಿಗೆ ಬರುವುದಿಲ್ಲ.

"ಕೀನೇ ಕೊಟ್ಬಿಟ್ರೆ ನಮ್ಮನ್ನ ಯಾರು ಕೇಳ್ತಾರಕ್ಕ?" ಎಂದರು ಮುನಿರಾಜು.

"ಕೀ ಇದ್ದಾಗ ಯಾರು ಕೇಳ್ತಾವ್ರೆ? ಬೈತಾವ್ರೆ."

ಭವನ ಸಿಗದವರಿಂದಲೇ ನಡೆಯುತ್ತಿದ್ದ ಮುನಿರಾಜು ಅವರ ಶಾಮಿಯಾನದ ವ್ಯಾಪಾರದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಎಲ್ಲರೂ ಅವರನ್ನೇ ನೋಡಿದರು. ಅವರು ಕೊನೆಗೆ ಕೈ ಎತ್ತಿದರು.

ಮೊದಲ ಚೀಟಿಯ ದಿನ ಶರಣಪ್ಪ ಬಂದ. ಅಷ್ಟರಲ್ಲಿ ಅವನು ಎದುರು ಪಕ್ಷಕ್ಕೆ ಸೇರಿಕೊಂಡಿದ್ದ. ಮೋಸ ಹಿಡಿಯಲೆಂದೇ ಬಂದಿದ್ದ, ಬಾಯಿಬಿಟ್ಟು ಹಾಗೇ ಹೇಳಿದ. ಗಿರಿಜಮ್ಮ ಬೇಕರಿಯಿಂದ ತಂದ ಖಾಲಿ ರಸ್ಕ್ ಡಬ್ಬಿಯನ್ನು ಅವನ ಕೈಗೇ ಕೊಟ್ಟರು. "ನೀನೇ ಎತ್ತಪ್ಪ. ಅಂಗಿ ತೋಳು ಮೇಲಕ್ಕೆ ಮಾಡ್ಕೊ." ಅವನು ಎತ್ತಿದ. ಗಿರಿಜಮ್ಮನ ಮೊಮ್ಮಗನ ಕಿವಿ ಚುಚ್ಚುವ ಶಾಸ್ತ್ರಕ್ಕೆ ಹಾಕಿದ್ದ ಚೀಟಿ ಬರಲಿಲ್ಲ, ಆ ದಿನ ಒಬ್ಬ ಒಡಿಯಾ ಮೇಸ್ತ್ರಿಗೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಗಿರಿಜಮ್ಮನಿಗೆ ನಿಜಕ್ಕೂ ಬೇಸರವಾಯಿತು. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಈಗ ಜನ ಹೇಳುವ ಹಾಗೆ ಅವರು ನಗುನಗುತ್ತಾ ಆಶೀರ್ವಾದ ಮಾಡಲಿಲ್ಲ, ಸೆರಗು ಕೊಡವಿ ಎದ್ದುಹೋದರು. ಆದರೆ ಚೀಟಿ ಬದಲಾಯಿಸಲಿಲ್ಲ.

ಕೆಲವು ತಿಂಗಳು ಹೀಗೇ ನಡೆಯಿತು. ಬೀಗದ ಕೈ ತೆಲುಗಿನವರ ಮನೆಯಿಂದ ಹಳೇ ಊರಿನ ಗೌಡರ ಮನೆಗೆ, ಅಲ್ಲಿಂದ ನೇಪಾಳಿ ವಾಚ್‌ಮನ್ ಮನೆಗೆ. ನೆಲ ಒರೆಸಿದ್ದು ಸಾಲದು ಎಂದು ಜಗಳಗಳಾದವು. ಬಿಡಿಸಲು ನನ್ನನ್ನು ಕರೆಯುತ್ತಿದ್ದರು. ಮೊದಲು ಬರುತ್ತಿದ್ದ ದೂರುಗಳಿಗಿಂತ ಇವು ನನಗೆ ಇಷ್ಟವಾಗುತ್ತಿದ್ದವು.

ಉಪಚುನಾವಣೆ ಘೋಷಣೆಯಾಯಿತು. ಮತದಾನಕ್ಕೆ ಮುಂಚಿನ ಭಾನುವಾರ ಖುರ್ಷಿದ್ ಮಗಳ ಮದುವೆಗೆ ಬಂದಿತ್ತು. ಮರುದಿನ ಸೋಮವಾರ ಶರಣಪ್ಪನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ. ಆ ಚೀಟಿಗಳನ್ನೂ ಎತ್ತಿದ್ದು ಅವನೇ. ಆಗ ಮುನಿರಾಜು ಓಡಿ ಬಂದರು. ಅವರ ಪಕ್ಷದ ದೊಡ್ಡ ನಾಯಕರು ಅದೇ ಭಾನುವಾರ ಬರುತ್ತಾರಂತೆ. ಬಿಸಿಲಲ್ಲಿ ಕೂರುವವರಲ್ಲವಂತೆ.

"ಮದುವೆ ಒಂದಿನ ಮುಂದಕ್ಕಾಕ್ಕೊಳ್ಳಲಿ ಅಕ್ಕ. ಪರ್ಮಿಷನ್ ಎಲ್ಲ ನಾನ್ ತರ್ತೀನಿ."

"ಆಗಾಕಿಲ್ಲ ಮುನಿರಾಜು."

"ಹಂಗಾದ್ರೆ ನಮ್ಮೋರು ಈ ಮೈತ್ರಿಲಿ ಯಾಕಿರ್ಬೇಕು ಅಂತ ಕೇಳ್ತಾರೆ. ನಾನ್ ಏನ್ ಹೇಳ್ಲಿ?"

ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಹೌದು ಅಂದರೆ ವಾರ್ಡು ಹೋಗುತ್ತದೆ, ಇಲ್ಲ ಅಂದರೆ ಮೈತ್ರಿ ಹೋಗುತ್ತದೆ. ಎರಡರಲ್ಲಿ ಯಾವುದು ಹೋದರೂ ಕುರ್ಚಿ ಹೋಗುತ್ತದೆ. ಗಿರಿಜಮ್ಮ ಮುನಿರಾಜು ಕಡೆ ತಿರುಗಿದರು.

"ಕೀ ನನ್ ತಾವ ಇಲ್ಲ. ಖುರ್ಷಿದಮ್ಮನ್ನ ಓಗಿ ಕೇಳು. ಅವಳು ಕೊಟ್ರೆ ಇಸ್ಕೊ."

ಮುನಿರಾಜು ಹೋದರು. ಅಲ್ಲಿ ಏನಾಯಿತು ಎಂಬುದಕ್ಕೆ ಎರಡು ಕಥೆಗಳಿವೆ. ತಾನು ಭವನ ಕೇಳಲೇ ಇಲ್ಲ, ಮದುವೆಗೆ ಶುಭ ಕೋರಲು ಹೋಗಿದ್ದೆ ಎಂದು ಮುನಿರಾಜು ಹೇಳುತ್ತಾರೆ. ಖುರ್ಷಿದ್ ಹೇಳುವುದು ಹೀಗೆ: "ಬಂದ್ರು, ಶರಬತ್ ಕುಡಿದ್ರು. ಹುಡುಗಿ ಕೈ ತುಂಬ ಮೆಹೆಂದಿ ಹಾಕ್ಕೊಂಡು ಕೂತಿದ್ಲು. ಅದನ್ನ ನೋಡಿ ಬಾಯಿ ಬರಲಿಲ್ಲ ಅವರಿಗೆ. ಅಡುಗೆ ಕಡೆಗೆ ಶಾಮಿಯಾನ ಬೇಕಾ ಅಂತ ಕೇಳಿದ್ರು." ಬೇಕಾಗಿತ್ತು. ಮುನಿರಾಜು ಭವನ ಕೇಳಲು ಹೋಗಿ ಶಾಮಿಯಾನದ ಆರ್ಡರ್ ಹಿಡಿದುಕೊಂಡು ಬಂದರು. ದೊಡ್ಡ ನಾಯಕರ ಸಭೆ ಭವನದ ಎದುರಿನ ಮೈದಾನದಲ್ಲಿ, ಇನ್ನೊಂದು ಶಾಮಿಯಾನದ ಕೆಳಗೆ ಎಂದಾಯಿತು.

ಭಾನುವಾರ ಮಧ್ಯಾಹ್ನ ಈ ಕಡೆ ಭಾಷಣ, ಆ ಕಡೆ ಬಿರಿಯಾನಿ. ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುತ್ತಿತ್ತು. ಸಭೆಗೆ ಬಂದ ಬಡಾವಣೆಯವರಲ್ಲಿ ಬಹಳ ಜನ ಖುರ್ಷಿದ್ ಮನೆಯ ನೆಂಟರಂತೆಯೇ ಬದುಕಿದವರು, ಮದುವೆಗೂ ಕರೆದಿದ್ದರು. ನಾಯಕರ ಮಾತು ಉದ್ದವಾದಾಗ ಒಬ್ಬೊಬ್ಬರೇ ಎದ್ದು, ಕೊರಳಲ್ಲಿ ಪಕ್ಷದ ಶಾಲು ಇದ್ದ ಹಾಗೆಯೇ, ಭವನಕ್ಕೆ ಹೋಗಿ ಊಟ ಮಾಡಿ ಬಾಯಿ ಒರೆಸುತ್ತಾ ಬಂದು ಮತ್ತೆ ಕುರ್ಚಿಯಲ್ಲಿ ಕೂರುತ್ತಿದ್ದರು. ಇದು ಹೇಗೆ ಕಾಣುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಚುನಾವಣಾ ತಂಡದ ಜೀಪು ಬಂತು. ಇಳಿದ ಅಧಿಕಾರಿ ಚಿಕ್ಕ ವಯಸ್ಸಿನವರು, ಮುಖದಲ್ಲಿ ನಗು ಇರಲಿಲ್ಲ. "ಮತದಾರರಿಗೆ ಊಟ ಹಾಕಿಸ್ತಿದಾರೆ ಅಂತ ಎದುರು ಪಕ್ಷದಿಂದ ದೂರು ಬಂದಿದೆ. ಯಾರ ಬಿರಿಯಾನಿ ಇದು?"

"ನನ್ ಮಗಳ್ ಮದುವೇದು!" ಖುರ್ಷಿದ್ ಸೌಟು ಹಿಡಿದೇ ಬಂದರು.

"ಶಾಲು ಹಾಕ್ಕೊಂಡು ತಿಂತಿದಾರಲ್ಲಮ್ಮ?"

ಲಗ್ನಪತ್ರಿಕೆ ತೋರಿಸಿದರು. ಪತ್ರಿಕೆ ಯಾವಾಗ ಬೇಕಾದರೂ ಅಚ್ಚು ಹಾಕಿಸಬಹುದು ಎಂದರು ಅಧಿಕಾರಿ. ನಾನು ಮಾತಾಡಿದೆ. ನೀವು ನಗರಸಭೆಯವರು, ಅಧ್ಯಕ್ಷರ ಕೈಕೆಳಗಿನವರು ಎಂದರು. ಶಾಮಿಯಾನ ಯಾರದು ಎಂದು ಕೇಳಿದರು. ಎರಡೂ ಉಪಾಧ್ಯಕ್ಷರದು ಎಂದು ಯಾರೋ ಕೂಗಿದರು. ಅಡುಗೆ ವಶಕ್ಕೆ ತೆಗೆದುಕೊಳ್ಳುತ್ತೇವೆ, ಭವನಕ್ಕೆ ಸೀಲು, ಅಭ್ಯರ್ಥಿ ಮೇಲೆ ಕೇಸು ಎಂದು ಅಧಿಕಾರಿ ಹೇಳುವಾಗ ಒಳಗೆ ವರನ ಕಡೆಯವರ ಪಂಕ್ತಿ ಇನ್ನೂ ಕೂತಿರಲಿಲ್ಲ. ಗಿರಿಜಮ್ಮ ಏನು ಹೇಳಿದರೂ ಕೆಡುತ್ತಿತ್ತು.

"ದೂರು ಕೊಟ್ಟ ಪಕ್ಷದೋರು ಯಾರಿದೀರಿ ಇಲ್ಲಿ?" ಎಂದರು ಅಧಿಕಾರಿ.

ಶರಣಪ್ಪ ಜನರ ಹಿಂದಿನಿಂದ ಬಂದ. ಜೇಬಿನ ಮೇಲೆ ಎದುರು ಪಕ್ಷದ ಬ್ಯಾಡ್ಜ್ ಇತ್ತು. ಅವನು ಸುಮ್ಮನೆ ನಿಂತಿದ್ದರೂ ಅವನ ಪಕ್ಷದ ಕೆಲಸ ಆಗಿಹೋಗುತ್ತಿತ್ತು.

"ಫೋನ್ ಮಾಡಿದ್ದು ನಾನಲ್ರಿ ಸಾಹೇಬ್ರ, ನಮ್ಮ ಕಡೀ ಮಂದಿನ ಮಾಡ್ಯಾರ. ಆದ್ರ ಈ ದಿನಾ ಖುರ್ಷಿದಕ್ಕಗ ಬಂದದ್ದು ಖರೇ ಅದ. ಚೀಟಿ ಎತ್ತಿದಾವ ನಾನ. ಎಲ್ಲಾರ ಮುಂದ ಎತ್ತೀನಿ."

"ನೀವು ಎದುರು ಪಕ್ಷದವರಲ್ವಾ?"

"ಹೌದ್ರಿ. ಇವ್ರು ಸೋಲ್ಬೇಕು ಅಂತ ಮುಂಜಾನಿಂದ ಮನಿ ಮನಿ ತಿರಗೀನಿ. ಆದ್ರ ಬಿರಿಯಾನಿ ಇವ್ರದಲ್ರಿ. ಮತ್ತ ಸಂಜೀಕ ಕೀಲಿ ನನ್ನ ಕೈಗಿ ಬರ್ಬೇಕು. ನಾಳಿ ನನ್ನ ಮಗಳದು ತೊಟ್ಟಿಲ ಕಾರ್ಯ. ನೀವು ಸೀಲ್ ಹಾಕಿದ್ರ ತೊಟ್ಟಿಲು ನಿಮ್ಮ ಜೀಪಿಗಿ ಕಟ್ಲೇನ್ರಿ?"

ಸುತ್ತ ಇದ್ದವರೆಲ್ಲ ನಕ್ಕರು. ಹಿಂದೆಯೇ ಒಬ್ಬೊಬ್ಬರಾಗಿ, ನಾನೂ ಚೀಟಿ ನೋಡಿದೆ, ನನಗೆ ಮುಂದಿನ ವಾರ ಇದೆ, ನನಗೆ ಬಂದಿಲ್ಲ ಆದರೂ ನೋಡಿದೆ ಎಂದು ತಮಿಳಿನಲ್ಲಿ, ಉರ್ದುವಿನಲ್ಲಿ, ಮತ್ತೆ ಯಾವ ಯಾವುದರಲ್ಲೋ ಕೂಗಿದರು. ಅಧಿಕಾರಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಶಾಲು ತೆಗೆದಿಟ್ಟು ಒಳಗೆ ಹೋಗತಕ್ಕದ್ದು ಎಂದು ಆಜ್ಞೆ ಮಾಡಿದರು. ಭವನದ ಬಾಗಿಲಲ್ಲಿ ಒಂದು ಕುರ್ಚಿಯ ಮೇಲೆ ಶಾಲುಗಳ ರಾಶಿ ಬಿತ್ತು. ಮೈತ್ರಿಯವೂ, ಎದುರು ಪಕ್ಷದವೂ. ಅಧಿಕಾರಿಯೂ ಊಟ ಮಾಡಿದರು ಎಂದು ಬಡಾವಣೆಯಲ್ಲಿ ಹೇಳುತ್ತಾರೆ. ಅವರು ತಿನ್ನುವುದನ್ನು ನಾನು ನೋಡಿಲ್ಲ. ಕೈ ತೊಳೆಯುವುದನ್ನು ನೋಡಿದೆ.

ಆಡಳಿತ ಪಕ್ಷದ ಅಭ್ಯರ್ಥಿ ಗೆದ್ದರು. ಅಂತರ ದೊಡ್ಡದಲ್ಲ. ಭವನದಿಂದಲೇ ಗೆದ್ದರು ಎಂದು ನಾನು ಬರೆದರೆ ನೀವು ನಂಬಬೇಡಿ. ಚರಂಡಿಯೂ ಆಗಿತ್ತು, ಬೀದಿದೀಪವೂ ಬಂದಿತ್ತು, ಅಭ್ಯರ್ಥಿಗೆ ನೆಂಟರು ಬಹಳ ಇದ್ದರು. ನಾನು ಕಣ್ಣಾರೆ ಕಂಡದ್ದು ಇಷ್ಟೇ: ಕುಕ್ಕರ್ ಕೂಗಿಸುತ್ತಿದ್ದ ಗಲ್ಲಿಗಳಲ್ಲಿ ಕೊನೆಯ ದಿನ ಗಿರಿಜಮ್ಮನಿಗೆ ಕುರ್ಚಿ ಹಾಕಿದರು, ಕೂರಿಸಿ ಬೈದರು. ಶರಣಪ್ಪ ತಾನು ಅವರಿಗೆ ಓಟು ಹಾಕಲಿಲ್ಲ ಎಂದು ಇವತ್ತಿಗೂ ಹೇಳುತ್ತಾನೆ. ಅದನ್ನು ನಾನು ಪೂರ್ತಿ ನಂಬುತ್ತೇನೆ.

ಎಣಿಕೆ ಮುಗಿದ ಸಂಜೆ ಮೆರವಣಿಗೆ ಹೊರಟಿತು. ತಮಟೆ, ಹೂವಿನ ಹಾರ, ಮುನಿರಾಜು ಕೈಯಲ್ಲಿ ಉದ್ದದ ಸರಪಟಾಕಿ. ಭವನದ ಮುಂದೆಯೇ ಹಚ್ಚಬೇಕು, ಒಳಗೆ ಅಧ್ಯಕ್ಷರಿಗೆ ಸನ್ಮಾನ ಮಾಡಬೇಕು ಎಂದು ಎಲ್ಲರ ಆಸೆ. ಆದರೆ ಒಳಗೆ ದೀಪ ಉರಿಯುತ್ತಿತ್ತು. ಯಾರೂ ಚೀಟಿ ಹಾಕದ ದಿನಗಳಲ್ಲಿ ಭವನ ಪರೀಕ್ಷೆ ಬರೆಯುವ ಮಕ್ಕಳಿಗೆ ಎಂದು ಬಡಾವಣೆಯವರೇ ಮಾತಾಡಿಕೊಂಡಿದ್ದರು. ನಮಗೆ ಹೇಳಿಯೂ ಇರಲಿಲ್ಲ. ತಮಟೆ ಜೋರಾದಾಗ ಎರಡು ಜಡೆಯ ಒಬ್ಬಳು ಹುಡುಗಿ ಪೆನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಯಾರ ಮಗಳೋ, ಮನೆಯಲ್ಲಿ ಯಾವ ಭಾಷೆಯೋ, ನಾನು ವಿಚಾರಿಸಲಿಲ್ಲ.

"ಅಜ್ಜಿ, ನಾಳೆ ಮ್ಯಾತ್ಸ್ ಇದೆ."

ಗಿರಿಜಮ್ಮ ಕೈ ಎತ್ತಿದರು. ತಮಟೆ ನಿಂತಿತು.

"ಸನ್ಮಾನ?" ಎಂದರು ಮುನಿರಾಜು.

"ಕೀ ಆ ಮಗೀನ ತಾವ ಐತೆ, ಕಾಣಾಕಿಲ್ವಾ? ನಡೀರಿ. ಆ ತಿರುವು ದಾಟೋಗಂಟ ಉಸ್ರು ಬಿಡಬ್ಯಾಡಿ."

ಹಾರಗಳ ಭಾರದಲ್ಲಿ ಕತ್ತು ಬಗ್ಗಿಸಿಕೊಂಡು ಅವರು ಮುಂದೆ ನಡೆದರು. ಹಿಂದೆ ಇಡೀ ಮೆರವಣಿಗೆ ತುದಿಗಾಲಲ್ಲಿ. ಮುನಿರಾಜು ಹಚ್ಚದ ಸರಪಟಾಕಿಯನ್ನು ಎದೆಗವಚಿಕೊಂಡಿದ್ದರು. ಯಾರೋ ಒಬ್ಬ ತಡೆದುಕೊಳ್ಳಲಾರದೆ ಪಿಸುದನಿಯಲ್ಲಿ "ಗಿರಿಜಮ್ಮನವರಿಗೆ" ಎಂದ. ಅಷ್ಟೂ ಜನ ಅಷ್ಟೇ ಮೆಲ್ಲಗೆ "ಜೈ" ಎಂದರು.